ಅಲಮೇಲು ಅವರ ತಾಳದ ಫ್ಲಾಪಿ

ಮೇ ತಿಂಗಳ ನಡುಹಗಲಿನಲ್ಲಿ, ಚೆಂಬೂರು ಸ್ಟೇಷನ್ನಿನ ಮುಂದಿನ ಕಬ್ಬಿನಹಾಲಿನ ಗಾಡಿಯವನೂ ಬೆವರೊರೆಸಿಕೊಂಡು ನೆರಳು ಹುಡುಕುವ ಹೊತ್ತಿನಲ್ಲಿ, ದಪ್ಪ ಉಣ್ಣೆಯ ಗಂಡಸರ ಕೋಟು ತೊಟ್ಟ ಐವತ್ತರ ಹೆಂಗಸೊಬ್ಬರು ತರಕಾರಿ ಚೀಲ ಹಿಡಿದು ಸರಸರನೆ ದಾಟಿಹೋದರೆ ಹೊಸಬರು ನಿಂತು ನೋಡುತ್ತಿದ್ದರು. ಹಳಬರು ನೋಡುತ್ತಿರಲಿಲ್ಲ. ಅಲಮೇಲು ಅವರ ಮೈಮೇಲೆ ಕೋಟಿದೆ ಎಂದರೆ ಅವರ ರೆಕಾರ್ಡಿಂಗ್ ಸ್ಟುಡಿಯೋದ ಎಸಿ ಓಡುತ್ತಿದೆ, ಎಸಿ ಓಡುತ್ತಿದೆ ಎಂದರೆ ಯಾರೋ ಹಾಡುತ್ತಿದ್ದಾರೆ, ನಡುವೆ ಸಿಕ್ಕ ಹದಿನೈದು ನಿಮಿಷದಲ್ಲಿ ಅವರು ಬದನೆಕಾಯಿ ಕೊಳ್ಳಲು ಬಂದಿದ್ದಾರೆ ಎಂಬುದು ಹಳಬರಿಗೆ ಗೊತ್ತಿತ್ತು. ಟೇಪಿನ ಯಂತ್ರಗಳಿಗೆ ತಂಪು ಬೇಕು, ತಂಪಿಗೆ ಕೋಟು ಬೇಕು. ಚೋರ್ ಬಜಾರಿನಲ್ಲಿ ಕೊಂಡ ಆ ಕಂದು ಕೋಟನ್ನು ಬೀದಿಗಿಳಿಯುವಾಗ ಕಳಚಿಡಬೇಕೆಂಬುದು ಮಾತ್ರ ಅವರಿಗೆ ಒಂದು ದಿನವೂ ನೆನಪಾಗಲಿಲ್ಲ.

ಅವರ ನಡಿಗೆಯಲ್ಲಿ ಒಂದು ಲಯವಿತ್ತು. ಗುಂಪು ಎಷ್ಟೇ ನುಗ್ಗಿದರೂ ಹೆಜ್ಜೆಯ ಅಂತರ ಬದಲಾಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಒಂದು ಔಷಧಿ ಕಂಪನಿಯಲ್ಲಿ ಸ್ಟೆನೋ ಆಗಿದ್ದವರಿಗೆ ಬೆರಳಿನಿಂದ ಕಾಲಿನವರೆಗೂ ಅದೇ ಶಿಸ್ತು ಇಳಿದಿತ್ತೆಂದು ತೋರುತ್ತದೆ. ಮಾತಿಗೂ ಇಳಿದಿತ್ತು. ಎದುರಿಗಿದ್ದವರು ಒಂದು ವಾಕ್ಯ ಮುಗಿಸಿದೊಡನೆ ಅಲಮೇಲು ಅವರ ಬಾಯಿಂದ "ಮುಂದೆ?" ಎಂಬ ಸಣ್ಣ ಶಬ್ದ ಹೊರಡುತ್ತಿತ್ತು. ಗಂಡ ಸತ್ಯಮೂರ್ತಿ ಎದೆನೋವೆಂದು ಹೇಳಿದಾಗಲೂ ಮೊದಲು "ಮುಂದೆ?" ಎಂದು, ಆಮೇಲೆ ಟ್ಯಾಕ್ಸಿಗೆ ಓಡಿದ್ದರಂತೆ.

ಸ್ಟುಡಿಯೋ ಅವರು ಬಯಸಿ ಪಡೆದದ್ದಲ್ಲ. ತಮ್ಮ ನಾಣಿ, ಶಬ್ದಗ್ರಹಣ ಕಲಿತವನು, ಒಂದು ಬಿಲ್ಡಿಂಗಿನ ನೆಲಮಹಡಿಯ ಎರಡು ಕೋಣೆ ಬಾಡಿಗೆಗೆ ಹಿಡಿದು, ಗೋಡೆಗೆ ಸೆಣಬು ಹೊಡೆಸಿ, ಬ್ಯಾಂಕಿನ ಸಾಲ ಮಾಡಿ ಅದನ್ನು ತೆರೆದಿದ್ದ. ಎಂಬತ್ತನಾಲ್ಕರಲ್ಲಿ ದುಬೈನಿಂದ ಕೆಲಸದ ಕರೆ ಬಂದೊಡನೆ ಬೀಗದ ಕೈಯನ್ನೂ ಸಾಲದ ಪಾಸ್‌ಪುಸ್ತಕವನ್ನೂ ಅಕ್ಕನ ಕೈಗಿಟ್ಟು ವಿಮಾನ ಹತ್ತಿದ. ಜಾಮೀನಿಗೆ ಸಹಿ ಹಾಕಿದ್ದವರು ಅಕ್ಕನೇ. ಮಾರಿಬಿಡುವುದೇ ಮೇಲೆಂದು ಸತ್ಯಮೂರ್ತಿ ಹೇಳಿದರು, ನೆರೆಯವರು ಹೇಳಿದರು. ಅಲಮೇಲು ಅವರು ಮೂರು ತಿಂಗಳು ರಜೆ ಹಾಕಿ ಯಂತ್ರಗಳ ಕೈಪಿಡಿಗಳನ್ನೆಲ್ಲ ಶೀಘ್ರಲಿಪಿಯಲ್ಲಿ ನಕಲು ಮಾಡಿಕೊಂಡರು; ನಾಲ್ಕನೆಯ ತಿಂಗಳು ನೌಕರಿಗೆ ರಾಜೀನಾಮೆ ಕೊಟ್ಟು ಭವಿಷ್ಯನಿಧಿಯ ಹಣದಿಂದ ಸದ್ದುಗಳನ್ನು ಬೆರೆಸುವ ಮಿಕ್ಸರು ರಿಪೇರಿ ಮಾಡಿಸಿದರು.

ಆಮೇಲೆ ನಡೆದದ್ದು ಸ್ಥಿರವಾದ, ಬೆವರಿನ, ಮರ್ಯಾದೆಯ ವ್ಯಾಪಾರ. ಗಣಪತಿ ಹಬ್ಬಕ್ಕೆ ಮರಾಠಿ ಆರತಿ, ನವರಾತ್ರಿಗೆ ದೇವಿಸ್ತುತಿ, ನಡುನಡುವೆ ಸೋಪು, ಊದಿನಕಡ್ಡಿಗಳ ರೇಡಿಯೋ ಜಾಹೀರಾತು. ಅವರದೊಂದು ಹಟವಿತ್ತು: ವಾದ್ಯದವರು ಕೆಲಸ ಮುಗಿಸಿ ಚಪ್ಪಲಿ ಮೆಟ್ಟುವ ಮುನ್ನ ಅವರ ಹೆಸರು ಟೈಪು ಮಾಡಿದ ಲಕೋಟೆ ಕೈಗೆ ಬರಬೇಕು. ದೊಡ್ಡ ಸ್ಟುಡಿಯೋಗಳಲ್ಲಿ ಸಂಭಾವನೆಗೆ ಮೂರು ತಿಂಗಳು ಅಲೆಯುತ್ತಿದ್ದ ವಾದಕರು, ದರ ಸ್ವಲ್ಪ ಕಡಿಮೆಯಾದರೂ ಚೆಂಬೂರಿಗೆ ಬರುತ್ತಿದ್ದುದು ಇದೇ ಕಾರಣಕ್ಕೆ.

ಹಾಗೆ ಬರುತ್ತಿದ್ದವರಲ್ಲಿ ಢೋಲಕಿನ ಶರೀಫ ಮುಖ್ಯರು. ಕಲಬುರಗಿಯ ಕಡೆಯವರು, ಪರೇಲಿನ ಗಿರಣಿಯೊಂದರಲ್ಲಿ ಮಗ್ಗ ನಡೆಸುತ್ತಿದ್ದವರು. ಎಂಬತ್ತೆರಡರ ಮುಷ್ಕರದಲ್ಲಿ ಆ ಕೆಲಸ ಹೋದಮೇಲೆ, ಚಾಳಿನ ಕವ್ವಾಲಿ ಕೂಟಗಳಲ್ಲಿ ಹವ್ಯಾಸಕ್ಕೆ ಬಾರಿಸುತ್ತಿದ್ದ ಢೋಲಕೇ ಅನ್ನವಾಯಿತು. ಎತ್ತರದ ಆಳು, ಮಾತು ಕಡಿಮೆ. ಅವರ ಎಡಗೈಯ ಪೆಟ್ಟು ಬಿದ್ದರೆ ಗಾಜಿನಾಚೆ ಕೂತ ಅಲಮೇಲು ಅವರ ಎದೆಯೊಳಗೆ ಯಾರೋ ಹಗುರಾಗಿ ಬಾಗಿಲು ತಟ್ಟಿದಂತಾಗುತ್ತಿತ್ತು.

ತೊಂಬತ್ತರ ಹೊತ್ತಿಗೆ ಗಾಳಿ ಬದಲಾಯಿತು. ವಿಲೆ ಪಾರ್ಲೆಯ ಕಡೆ ಕಂಪ್ಯೂಟರಿನಲ್ಲೇ ತಾಳ ಹಾಕುವ ಸ್ಟುಡಿಯೋಗಳು ಹುಟ್ಟಿದವು. ವಾದಕರಿಲ್ಲ, ಚಹಾ ಇಲ್ಲ, ಶ್ರುತಿ ಮಾಡಿಕೊಳ್ಳುವ ಅರ್ಧ ಗಂಟೆಯಿಲ್ಲ. ನಾಲ್ಕು ದಿನದ ಕೆಲಸ ಒಂದೂವರೆ ದಿನಕ್ಕೆ. ಖಾಯಂ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. ಆ ಮಳೆಗಾಲದಲ್ಲಿ ಹನ್ನೊಂದು ದಿನ ಎಸಿ ಓಡಲೇ ಇಲ್ಲ. ಆಗಲೇ ಕ್ಯಾಸೆಟ್ ಕಂಪನಿಯೊಂದರ ಮ್ಯಾನೇಜರು ಬಂದು ವರ್ಷಕ್ಕೆ ಹನ್ನೆರಡು ಭಕ್ತಿಗೀತೆಯ ಕ್ಯಾಸೆಟ್ಟು ಕೊಡುವುದಾಗಿ ಹೇಳಿದ. ಷರತ್ತು ಎರಡೇ: ತಾಳ ಕಂಪ್ಯೂಟರಿನದು, ದರ ಅರ್ಧ. ಅಲಮೇಲು ಅವರು "ಮುಂದೆ?" ಎಂದರು. ಮುಂದೇನೂ ಇಲ್ಲವೆಂದ. ಒಪ್ಪಿಕೊಂಡರು.

ಊರು ಬಿಡುತ್ತಿದ್ದ ಪಿಯಾನೋ ವಾದಕರೊಬ್ಬರಿಂದ ಕಂಪ್ಯೂಟರನ್ನೂ ತಾಳದ ಸಾಫ್ಟ್‌ವೇರನ್ನೂ ಮೂವತ್ತೆಂಟು ಸಾವಿರಕ್ಕೆ ಕೊಂಡರು. ಎರಡು ಬಳೆ ಅದಕ್ಕೆ ಹೋದವು. ಸ್ಟೆನೋ ಬೆರಳುಗಳಿಗೆ ಕೀಲಿಮಣೆ ಹೊಸದಾಗಿರಲಿಲ್ಲ. ಮೂರು ವಾರದಲ್ಲಿ ಪತ್ರ ಟೈಪು ಮಾಡುವಷ್ಟು ಸಲೀಸಾಗಿ ತಾಳ ಟೈಪು ಮಾಡತೊಡಗಿದರು. ಮೊದಲ ಕ್ಯಾಸೆಟ್ಟಿಗೆ ಹಾಡಲು ಬಂದ ಕೌಸಲ್ಯಾ, ಚೆಂಬೂರಿನ ಭಜನಾಮಂಡಳಿಯಲ್ಲಿ ಹೆಸರು ಮಾಡಿದ ಗಾಯಕಿ, ಎರಡು ಸಾಲು ಹಾಡಿ ಹೆಡ್‌ಫೋನು ತೆಗೆದಿಟ್ಟರು.

"ಅಲಮೇಲು, ಇದು ನನ್ನ ಜೊತೆ ಬರ್ತಾ ಇಲ್ಲ ಕಣೇ. ನನ್ನನ್ನ ಅಟ್ಟಿಸ್ಕೊಂಡು ಬರ್ತಾ ಇದೆ."

ತಪ್ಪು ಗಣಿತದಲ್ಲಿರಲಿಲ್ಲ. ಯಂತ್ರದೊಳಗಿದ್ದುದು ಯಾವುದೋ ದೇಶದ ಡ್ರಮ್ಮಿನ ಸದ್ದು, ಪ್ರತಿ ಪೆಟ್ಟೂ ಗೆರೆ ಎಳೆದಷ್ಟು ನೇರ. ಆದರೆ ಆ ಸಾಫ್ಟ್‌ವೇರಿಗೆ ಬೇರೆ ಸದ್ದುಗಳನ್ನೂ ತುಂಬಬಹುದೆಂದು ಕೈಪಿಡಿಯ ಕೊನೆಯ ಪುಟಗಳಲ್ಲಿತ್ತು. ಅಲಮೇಲು ಅವರು ಶರೀಫರನ್ನು ಕರೆಸಿದರು.

ಭಾನುವಾರದ ಬೆಳಗ್ಗೆ, ರಸ್ತೆಯ ಸದ್ದು ಕಡಿಮೆಯಿರುವಾಗ, ಶರೀಫರು ಢೋಲಕನ್ನು ತೊಡೆಗೇರಿಸಿ ಕೂತರು. ಹಾಡಿಲ್ಲ, ತಾಳವಿಲ್ಲ, ಒಂದೊಂದೇ ಪೆಟ್ಟು ಬಿಡಿಬಿಡಿಯಾಗಿ ಬಾರಿಸಬೇಕೆಂದು ಅವರಿಗೆ ತಿಳಿಸಲಾಯಿತು. ಏಕೆಂಬುದು ಅವರಿಗೆ ತಕ್ಷಣ ಅರ್ಥವಾಯಿತು. ಗಿರಣಿಯಲ್ಲಿ ಹೊಸ ಮಗ್ಗಗಳು ಬಂದದ್ದನ್ನು ಕಂಡವರು ಅವರು. ಬೆರಳುಗಳನ್ನು ಚರ್ಮದ ಮೇಲಿಟ್ಟು ಹಾಗೇ ನಿಲ್ಲಿಸಿದರು.

"ಬಾಯಾರ, ಗಿರಣಿ ಬಂದ್ ಬಿದ್ದಾಗ ಮಗ್ಗ ಹೋತು, ಕೈ ಉಳದಿತ್ತು. ಈಗ ಕೈನೂ ಡಬ್ಬ್ಯಾಗ ಹಾಕಿ ಕೊಟ್ಟೆ ಅಂದ್ರ, ನಾಳೆ ನನ್ನ ಯಾಕ ಕರಿತೀರಿ?"

ಅಲಮೇಲು ಅವರು ಆ ಮಾತಿಗೆ "ಮುಂದೆ?" ಎನ್ನಲಿಲ್ಲ. ಕೋಟಿನ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದರು.

"ಕರೀದೇ ಇರಬಹುದು, ಸಾಹೇಬ್ರೇ. ಸುಳ್ಳು ಹೇಳೋಲ್ಲ. ಆದ್ರೆ ನಿಮ್ಮ ಪೆಟ್ಟು ಕೆಲಸಕ್ಕೆ ಬಂದ ದಿನ ನೀವೂ ಬಂದಿದ್ರಿ ಅಂತಲೇ ಲೆಕ್ಕ."

ಎದ್ದುಹೋಗಿ, ಹಳೆಯ ಟೈಪ್‌ರೈಟರಿನಲ್ಲಿ ಅರ್ಧ ಪುಟದ ಪತ್ರ ಹೊಡೆದು ತಂದರು. ಶರೀಫರ ಸದ್ದು ಬಳಸಿದ ಪ್ರತಿ ಕ್ಯಾಸೆಟ್ಟಿಗೆ ನೂರು ರೂಪಾಯಿ, ಅವರು ಸ್ಟುಡಿಯೋಗೆ ಬಂದರೂ ಬಾರದಿದ್ದರೂ. ಶರೀಫರು ಕನ್ನಡ ಓದಬಲ್ಲವರು. ಪತ್ರ ಕನ್ನಡದಲ್ಲೇ ಇತ್ತು. ಎರಡು ಸಲ ಓದಿ, ಮಡಚಿ, ಜುಬ್ಬದ ಒಳಜೇಬಿಗಿಟ್ಟು, ಮೊದಲ ಪೆಟ್ಟು ಬಾರಿಸಿದರು. ಎರಡು ಭಾನುವಾರಗಳಲ್ಲಿ ನಲವತ್ತೊಂದು ಪೆಟ್ಟುಗಳು ಫ್ಲಾಪಿ ಸೇರಿದವು. ಸದ್ದು ಮಾತ್ರವಲ್ಲ, ಹಳೆಯ ಟೇಪುಗಳ ಹಾಡುಗಳಲ್ಲಿ ಅವರ ಕೈ ಎಲ್ಲಿ ಕೂದಲೆಳೆಯಷ್ಟು ತಡೆಯುತ್ತದೆ, ಎಲ್ಲಿ ಅವಸರಿಸುತ್ತದೆ ಎಂಬುದನ್ನೂ ಅಲಮೇಲು ಅವರು ಶೀಘ್ರಲಿಪಿಯಲ್ಲಿ ಗುರುತುಹಾಕಿಕೊಂಡು ಯಂತ್ರಕ್ಕೆ ಕಲಿಸಿದರು. ಈ ಸಲ ಕೌಸಲ್ಯಾ ಹಾಡು ಮುಗಿಯುವವರೆಗೂ ಹೆಡ್‌ಫೋನು ತೆಗೆಯಲಿಲ್ಲ.

ಯಾರೂ ಕೊಡದ ಹಣವನ್ನು ನೀನೇಕೆ ಕೊಡುತ್ತೀ ಎಂದು ಸತ್ಯಮೂರ್ತಿ ಕೇಳಿದ್ದುಂಟು. ಇದು ದಾನಧರ್ಮವಲ್ಲ ಎಂದರು ಅಲಮೇಲು. ಇದೇ ಮನುಷ್ಯ ನಾಳೆ ಹೊಟ್ಟೆಪಾಡಿಗೆ ಇನ್ನೊಂದು ಸ್ಟುಡಿಯೋಗೆ ಹೋಗಿ ಇದೇ ಪೆಟ್ಟುಗಳನ್ನು ಇನ್ನೂರು ರೂಪಾಯಿಗೆ ಕೊಟ್ಟರೆ ನಮ್ಮ ಫ್ಲಾಪಿಯ ಬೆಲೆ ಏನುಳಿಯಿತು? ಹನ್ನೆರಡು ಕ್ಯಾಸೆಟ್ಟಿನ ಕರಾರು ಹದಿನೆಂಟಕ್ಕೇರಿತು. ಅರ್ಧ ದರದಲ್ಲೂ ಆ ವರ್ಷ ಬ್ಯಾಂಕಿನ ಸಾಲ ತೀರಿತು.

ತೊಂಬತ್ತೆರಡರಲ್ಲಿ ಕಂಪ್ಯೂಟರು ಕೆಟ್ಟು ಹತ್ತು ದಿನ ರಿಪೇರಿಗೆ ಹೋಯಿತು. ಜೊತೆಗೆ ಒಳಗಿದ್ದ ಫ್ಲಾಪಿಯೂ ಹೋಗಿಬಂತು. ಎರಡು ತಿಂಗಳ ನಂತರ ಮಾತುಂಗಾದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಅಲಮೇಲು ಅವರ ಲೋಟ ಅರ್ಧದಲ್ಲೇ ನಿಂತಿತು. ಗಲ್ಲಾದ ಮೇಲಿನ ಟೇಪಿನಲ್ಲಿ ಅವರು ಕೇಳಿಯೇ ಇರದ ದೇವಿಸ್ತುತಿ, ಅದರ ಅಡಿಯಲ್ಲಿ ಶರೀಫರ ಎಡಗೈ. ಕ್ಯಾಸೆಟ್ಟಿನ ಡಬ್ಬಿ ಕೇಳಿ ಪಡೆದು, ಸ್ಟುಡಿಯೋದ ವಿಳಾಸ ನೋಡಿಕೊಂಡು, ಅಲ್ಲಿಂದಲೇ ವಿಲೆ ಪಾರ್ಲೆಗೆ ಹೊರಟರು.

ಸ್ಟುಡಿಯೋದ ಮಾಲೀಕ ಸದಾನಂದ ಕರಾವಳಿಯ ತರುಣ. ಸದ್ದೆಲ್ಲ ಸಾಫ್ಟ್‌ವೇರಿನ ಜೊತೆಗೇ ಬಂದದ್ದೆಂದು ಅವನು ನಯವಾಗಿಯೇ ವಾದಿಸಿದ. ಅಲಮೇಲು ಅವರು ಎಡಗೈಯ ಆ ಘುಮ್ಮೆನ್ನುವ ಪೆಟ್ಟೊಂದನ್ನೇ, ಧ್ವನಿ ಪೂರ್ತಿ ಏರಿಸಿ, ಕೊನೆಯವರೆಗೂ ನುಡಿಸಲು ಹೇಳಿದರು. ಪೆಟ್ಟು ಬಿತ್ತು, ಅನುರಣಿಸಿತು, ಕ್ಷೀಣಿಸಿತು; ಅದರ ಬಾಲದಲ್ಲಿ ದೂರದಿಂದೆಂಬಂತೆ ಹೆಂಗಸಿನ ಧ್ವನಿಯೊಂದು "ಮುಂ" ಎಂದು ಅರ್ಧಕ್ಕೇ ನಿಂತಿತು. ಧ್ವನಿಮುದ್ರಣದ ದಿನ ಅವರ ಅಭ್ಯಾಸ ಬಾಯಿಂದ ಜಾರಿಬಿಟ್ಟಿತ್ತು. ತಾವು ಬಳಸುವಾಗಲೆಲ್ಲ ಆ ಬಾಲವನ್ನು ಕತ್ತರಿಸುತ್ತಿದ್ದರು. ಕದ್ದ ನಕಲಿನಲ್ಲಿ ಅದು ಹಾಗೇ ಉಳಿದಿತ್ತು.

"ಸದಾನಂದ, ನಿಮ್ಮ ಕ್ಯಾಸೆಟ್ಟಿನಲ್ಲಿ ನಾನು ಮಾತಾಡ್ತಾ ಇದ್ದೀನಲ್ಲಪ್ಪ."

ಅವನ ಕಿವಿ ಕೆಂಪಾಯಿತು. "ರಿಪೇರಿಯವ ಕೊಟ್ಟದ್ದು ಮೇಡಮ್. ನಾನು ಕೇಳ್ಲಿಲ್ಲ ಯಾರದ್ದಂತ. ತಪ್ಪಾಯ್ತು."

ಪೊಲೀಸರ ಮಾತನ್ನು ಅಲಮೇಲು ಅವರು ಎತ್ತಲಿಲ್ಲ. ಅವನಿಂದ ಒಂದು ಹಾಳೆ ಇಸಿದುಕೊಂಡು, ಶರೀಫರಿಗೆ ಬರೆದುಕೊಟ್ಟಿದ್ದ ಪತ್ರವನ್ನೇ ಬರೆದು, ಮಾಲೀಕನ ಹೆಸರಿನ ಜಾಗದಲ್ಲಿ ಅವನ ಹೆಸರು ಹಾಕಿ, ದರವನ್ನು ನೂರೈವತ್ತು ಮಾಡಿ ಮುಂದಿಟ್ಟರು: ಶರೀಫರಿಗೆ ನೂರು, ಚೆಂಬೂರಿಗೆ ಐವತ್ತು. ಈಗಾಗಲೇ ಮಾಡಿದ ಏಳು ಕ್ಯಾಸೆಟ್ಟಿಗೂ ಸೇರಿಸಿ. ಸದಾನಂದ ಸಹಿ ಹಾಕಿದ. ಬಾಗಿಲವರೆಗೆ ಬಂದು, ಆ ಪೆಟ್ಟುಗಳನ್ನು ಸರಿಯಾಗಿ ಜೋಡಿಸುವುದನ್ನು ಕಲಿಸಿಕೊಡುತ್ತೀರಾ ಎಂದು ಕೇಳಿದ. ಅದಕ್ಕೆ ಬೇರೆ ಶುಲ್ಕವೆಂದು ಹೇಳಿ ಅವರು ರಿಕ್ಷಾ ಹತ್ತಿದರು. ಮರುವರ್ಷ ಐದು ಸ್ಟುಡಿಯೋಗಳು ಆ ಫ್ಲಾಪಿಯನ್ನು ಕರಾರು ಬರೆದುಕೊಟ್ಟೇ ಒಯ್ದವು.

ಶರೀಫರು ಮದುವೆಮುಂಜಿಗಳಿಗೆ ಬಾರಿಸುವುದನ್ನು ಬಿಡಲಿಲ್ಲ. ಚೆಂಬೂರಿಗೂ ತಿಂಗಳಿಗೆರಡು ಬಾರಿ ಬರುತ್ತಿದ್ದರು, ಹೊಸ ಪೆಟ್ಟುಗಳನ್ನು ಕೊಡುವುದಕ್ಕೆ. ಯಾವುದೋ ಚಹಾದಂಗಡಿಯಲ್ಲಿ ಕ್ಯಾಸೆಟ್ಟೊಂದು ಹಾಡುತ್ತಿದ್ದರೆ ಪಕ್ಕದವನಿಗೆ, "ಅದು ನನ್ನ ಕೈ ನೋಡ್ರಿ" ಎಂದು ಹೇಳುವುದು ಅವರ ಒಂದೇ ಬಡಾಯಿಯಾಗಿತ್ತು.

ಅಲಮೇಲು ಅವರಂಥವರನ್ನು ಜನ ದಯಾವಂತರೆಂದು ಹೊಗಳಿದರೆ ಅವರಿಗೆ ಹಿಡಿಸುವುದಿಲ್ಲ, ಹೊಗಳಿಕೆ ಸರಿಯೂ ಅಲ್ಲ. ದಯೆಗೆ ಹೊತ್ತುಗೊತ್ತುಗಳಿವೆ, ಕೈ ತುಂಬಿದಾಗ ಉಕ್ಕುತ್ತದೆ, ಬಾಡಿಗೆ ಏರಿದಾಗ ಇಂಗುತ್ತದೆ. ಇವರದು ಬೇರೆ ಧಾತು. ಹೊಸದು ಬಂದಾಗ ಇವರು ಅದಕ್ಕೆ ಬೆನ್ನು ತಿರುಗಿಸುವುದಿಲ್ಲ, ಅದರ ಕಾಲಿಗೂ ಬೀಳುವುದಿಲ್ಲ. ಇದು ಯಾರಿಂದ ಬಂತು ಎಂದು ಒಮ್ಮೆ ಕೇಳಿ, ಉತ್ತರವನ್ನು ತಪ್ಪಿಲ್ಲದೆ ಬರೆದಿಟ್ಟುಕೊಳ್ಳುತ್ತಾರೆ. ದಯಾವಂತರು ಮಲಗಿರುವ ದಿನಗಳಲ್ಲಿಯೂ ಲೋಕದ ನ್ಯಾಯ ಒಂದಿಷ್ಟು ನಡೆಯುತ್ತಿದ್ದರೆ, ಅದು ಇಂಥ ನಿಖರವಾದ ಜನ ಎದ್ದು ಕೆಲಸಕ್ಕೆ ಹೋಗಿರುವುದರಿಂದ.