ದಿನಪೂರ್ತಿ ನಮ್ಮದು

"ನಿಮ್ಮ ಮದುವೆ ಮುಗ್ದೋಗಯ್ತೆ ಕಣಮ್ಮ," ಎಂದ ಯತೀಶ್, ಕಂಪ್ಯೂಟರಿನಿಂದ ಮುಖ ಎತ್ತದೆ.

ಅವನು ಮದ್ದೂರಿನ ಆ ಕಲ್ಯಾಣ ಮಂಟಪದ ಮ್ಯಾನೇಜರು. ಅವನೆದುರು ನಿಂತಿದ್ದ ಮದುವಣಗಿತ್ತಿ ನಾನು, ಶಾಲಿನಿ. ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಮಂಟಪ ನೋಡಲೇಬೇಕೆಂದು ಹಟ ಹಿಡಿದು ಜೊತೆಗೆ ಬಂದಿದ್ದ ನನ್ನ ಅಜ್ಜಿ ಚಿಕ್ಕಮಾದಮ್ಮ, ಪಕ್ಕದ ಕುರ್ಚಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದಳು.

"ನೀವೇ ನೋಡಿ. ಬೆಳಗ್ಗೆ ಐದೂವರೆಗೆ ಸುರು, ಐದೂವರೆಗೇ ಮುಗೀತು. ಮಿಕ್ಕ ದಿನ ಖಾಲಿ ಅಂತ ತೋರುಸ್ತು. ಒಂಬತ್ತೂಕಾಲಿನ ಮೂರ್ತಕ್ಕೆ ಬೇರೆಯೋರ್ಗೆ ಕೊಟ್ಬುಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಾವು ಬೌದ್ಧರು, ಮುಹೂರ್ತ ನೋಡುವುದಿಲ್ಲ. ಜನ ಸೇರಿದ ಮೇಲೆ ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ, ಹಾರ ಬದಲಾಯಿಸಿ, ಊಟ ಹಾಕುತ್ತೇವೆ. ಅದಕ್ಕೇ ಬುಕ್ ಮಾಡುವಾಗ ಮುಹೂರ್ತದ ಜಾಗ ಖಾಲಿ ಬಿಟ್ಟು, ದಿನಪೂರ್ತಿ ಬೇಕೆಂದು ಗುರುತು ಹಾಕಿದ್ದೆ.

ಮಳವಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು ನಾನು. ಏನಾಗಿದೆಯೆಂದು ನೋಡಿದ ಕೂಡಲೇ ಗೊತ್ತಾಯಿತು. ಕ್ಯಾಲೆಂಡರ್ ಫೈಲಿನಲ್ಲಿ ದಿನಪೂರ್ತಿಯ ಕಾರ್ಯಕ್ಕೆ ದಿನಾಂಕವನ್ನಷ್ಟೇ ಬರೆಯಬೇಕು, ಗಂಟೆ ಅಂಟಿಸಬಾರದು. ಇವರ ಆ್ಯಪ್ ಖಾಲಿ ಜಾಗ ಕಂಡು ಗ್ರೀನಿಚ್‌ನ ನಡುರಾತ್ರಿಯನ್ನು ತುಂಬಿತ್ತು. ಅಲ್ಲಿ ನಡುರಾತ್ರಿಯಾದಾಗ ನಮ್ಮಲ್ಲಿ ಬೆಳಗಿನ ಐದೂವರೆ. ಶುರುವೂ ಅದೇ, ಕೊನೆಯೂ ಅದೇ. ಹೊತ್ತು ಹೇಳಲಿಲ್ಲ ಎಂದರೆ ದಿನವೇ ಇಲ್ಲ ಎಂದುಕೊಂಡ ಮಹಾಬುದ್ಧಿವಂತ ಯಾರೋ ಬರೆದದ್ದು.

"ಅದ್ಕೇನಂತೆ," ಎಂದ ಯತೀಶ್. "ಮಧ್ಯಾಹ್ನದ ಮೇಲೆ ಯಾವ್ದಾರ ಒಂದು ಮೂರ್ತ ಆಕ್ಬುಡಿ. ಅಷ್ಟೊತ್ಗೆ ಅವರ್ದು ಮುಗ್ದಿರ್ತದೆ. ಆಮ್ಯಾಕೆ ನಿಮ್ದೇ."

"ಹಾಕೋದಿಲ್ಲ. ಮೊದ್ಲು ಬುಕ್ ಮಾಡಿದ್ದು ನಾನು."

"ಎಲ್ಲಾ ಮದುವೇಗೂ ಒಂದು ಒತ್ತು ಅಂತ ಇರ್ತದಲ್ವಾ ಮೇಡಂ?"

ಅಜ್ಜಿ ಬಾಯಲ್ಲಿದ್ದುದನ್ನು ಕಿಟಕಿಯಾಚೆ ಉಗುಳಿ ಬಂದಳು.

"ನನ್ನ ಮದುವೇಗೂ ಇತ್ತು ಕಣಪ್ಪ. ದೊಡ್ಡೋರ ಮನೇಲೂ ಅವತ್ತೇ ಮದುವೆ. ಅವರ್ದು ಮುಗಿಯೋಗಂಟ ನಮ್ಮ ವಾಲಗ ಊದಂಗಿಲ್ಲ ಅಂದ್ರು. ಅವರು ಉಂಡು ಎದ್ದೋಳೊತ್ಗೆ ದೀಪ ಅಚ್ಚೋ ಒತ್ತಾಗಿತ್ತು. ನಮ್ಮ ಮನೇಲಿ ಇನ್ನ ಯಾರೂ ಮೂರ್ತ ಕೇಳ್ಬ್ಯಾಡಿ ಅಂತ ಅವತ್ತೇ ನಮ್ಮಪ್ಪ ಏಳ್ಬುಟ್ಟ."

ಇಷ್ಟು ವರ್ಷದಲ್ಲಿ ಅವಳು ಇದನ್ನು ನನಗೆ ಹೇಳಿರಲಿಲ್ಲ. ಕೇಳಿ ಸಿಟ್ಟು ಬಂತು. ನಾನೂ ಕುರ್ಚಿ ಎಳೆದುಕೊಂಡು ಕೂತೆ.

"ಆ್ಯಪ್ ಮಾಡಿದವನಿಗೆ ಫೋನ್ ಮಾಡು," ಎಂದೆ.

ಮಂಡ್ಯದಿಂದ ಆ ಹುಡುಗ ಮಾತಾಡಿದ. "ಮೇಡಂ, ಮದುವೆ ಅಂದ್ಮೇಲೆ ಟೈಮ್ ಇರ್ಲೇಬೇಕು. ಇಲ್ಲೀಗಂಟ ಯಾರೂ ಇಂಗೆ ಕೇಳಿಲ್ಲ."

"ಈಗ ನಾನು ಕೇಳ್ತಿದೀನಿ. ಆ ಗಂಟೆ ಕಿತ್ತಾಕಿ, ದಿನಾಂಕ ಉಳಿಸು. ಅಲ್ಲೀಗಂಟ ನಾವು ಇಲ್ಲಿಂದ ಏಳಲ್ಲ."

ಅವನು ಅದೂ ಇದೂ ಗೊಣಗಿದ. ಯತೀಶ್ ಟೀ ತರಿಸಿದ. ಅದನ್ನು ಕುಡಿದೆವು, ಏಳಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ಪರದೆ ಬದಲಾಯಿತು. ನಮ್ಮ ದಿನ ಈ ತುದಿಯಿಂದ ಆ ತುದಿಗೆ ಕೆಂಪಾಗಿತ್ತು, ಎಲ್ಲೂ ಗಂಟೆ ಇರಲಿಲ್ಲ. ಒಂಬತ್ತೂಕಾಲಿನವರ ಹೆಸರು ಪಕ್ಕದ ಕಾಯುವವರ ಪಟ್ಟಿಗೆ ಹೋಗಿತ್ತು.

ಯತೀಶ್ ಹಣೆ ಒರೆಸಿಕೊಂಡ. "ಅವರು ದೊಡ್ಡ ಕುಳ ಕಣಮ್ಮ. ಏನಂತ ಏಳ್ಲಿ ಅವರ್ಗೆ?"

ಅಜ್ಜಿ ಸೆರಗು ಕೊಡವಿ ಎದ್ದಳು.

"ಅವತ್ತು ಖಾಲಿ ಇಲ್ಲ ಅಂತ ಏಳು. ಛತ್ರ ಕೇಳಕ್ಕೋದ್ರೆ ನಮ್ಗೂ ಅಂಗೇ ಏಳೋರು."