ಅರಸರ ಕೈ, ಕೇದಗೆಯ ಬಾಯಿ

ಕೈ ಒರಟಾದರೆ ಬಾಯಿ ನೆತ್ತರು. ಗಾದೆ ಹೀಗಿಲ್ಲವಲ್ಲ ಎಂದು ಹುಬ್ಬೇರಿಸಿದಿರಾ? ಇಳಿಸಿಕೊಳ್ಳಿ. ತಿರುಚಿದ್ದು ಗಾದೆಯನ್ನು ಮಾತ್ರ, ಕಥೆಯನ್ನಲ್ಲ. ಮೊಸರುಂಡ ಬಾಯಿಗಳ ಸಮಾಚಾರ ನನಗೆ ಗೊತ್ತಿಲ್ಲ. ನಾನು ಕಂಡ ಬಾಯಿಗಳೆಲ್ಲ ಹುಲ್ಲು ತಿಂದವು.

ನಾನು ಒಂದು ಕಡಿವಾಣ. ಕುದುರೆಯ ನಾಲಿಗೆಯ ಮೇಲೆ ಅಡ್ಡಲಾಗಿ ಮಲಗುವ ಕಬ್ಬಿಣ. ನನ್ನ ಎರಡು ತುದಿಗೂ ಒಂದೊಂದು ಬಳೆ, ಬಳೆಗೆ ಲಗಾಮು, ಲಗಾಮಿನ ಆ ತುದಿಯಲ್ಲಿ ಮನುಷ್ಯನ ಕೈ. ಸದಾ ಬಾಯಲ್ಲೇ ಇದ್ದರೂ ಬಾಯಿಲ್ಲದವನು ನಾನು.

ಹುಟ್ಟಿದ್ದು ಮೈಸೂರಿನಲ್ಲಿ, ಕಾಳಾಚಾರಿಯ ಕುಲುಮೆಯಲ್ಲಿ. ಎರಡು ತುಂಡು ಸರಳನ್ನು ಕಾಯಿಸಿ, ಬಡಿದು, ನಡುವೆ ಕೊಂಡಿ ಹಾಕಿ ಕೂಡಿಸಿದ. ಕೊಂಡಿಯ ಒಂದು ಅಂಚನ್ನು ಅರದಿಂದ ಉಜ್ಜುವುದಿತ್ತು, ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಉಂಡು ಬಂದವನಿಗೆ ಮರೆತೇ ಹೋಯಿತು. ಅವನು ಮರೆತ ಅಂಚು ಒಂದು ನಾಲಿಗೆಗೆ ಹನ್ನೊಂದು ವರ್ಷ ನೆನಪಿತ್ತು.

ಆ ನಾಲಿಗೆ ಪ್ಯಾರೇಜಾನನ ಜಟಕಾ ಎಳೆಯುತ್ತಿದ್ದ ಬಿಳಿ ಕುದುರೆಯದು. ಪ್ಯಾರೇಜಾನ್ ಕೆಟ್ಟವನಲ್ಲ. ಕುದುರೆಗೆ ಹುರುಳಿ ಇಡದೆ ತಾನು ಉಣ್ಣುತ್ತಿರಲಿಲ್ಲ. ಆದರೆ ಮಾತಿನ ಮಲ್ಲ, ಕೈಯಾಡಿಸದೆ ಮಾತಾಡಲು ಬಾರದವನು. “ಅರೆ ಸಾಮಿ, ಆ ಕಥೆ ಏನ್ ಕೇಳ್ತೀರಾ...” ಎಂದು ಕೈಯೆತ್ತಿದನೆಂದರೆ ಲಗಾಮು ಜಗ್ಗಿ ನಾನು ದವಡೆಗೆ ಅಪ್ಪಳಿಸುತ್ತಿದ್ದೆ. ಅವನ ಒಂದೊಂದು ಜೋಕಿಗೂ ಹಿಂದೆ ಕೂತವರು ನಗುತ್ತಿದ್ದರು, ಮುಂದೆ ಕಟ್ಟಿದವನು ರಕ್ತ ನುಂಗುತ್ತಿದ್ದ.

ಒಂದು ದಿನ ಇಳಿಜಾರಿನಲ್ಲಿ ಕುದುರೆ ಮುಗ್ಗರಿಸಿತು. ಲಗಾಮು ಸಡಿಲ ಬಿಟ್ಟಿದ್ದರೆ ಕತ್ತು ಚಾಚಿ, ಕಾಲೂರಿ ಸಾವರಿಸಿಕೊಳ್ಳುತ್ತಿತ್ತು. ಗಾಬರಿಯಾದ ಪ್ಯಾರೇಜಾನ್ ಎದ್ದು ನಿಂತು ಎರಡೂ ಕೈಯಲ್ಲಿ ಹಿಂದಕ್ಕೆ ಎಳೆದ. ಬೀಳುವವನನ್ನು ಬಾಯಿ ಹಿಡಿದು ಎತ್ತುವುದುಂಟೇ? ಮಂಡಿಚಿಪ್ಪು ಒಡೆಯಿತು. ಮಾರನೆಯ ದಿನ ಗುಂಡಿ ತೋಡಿದರು. ಪ್ಯಾರೇಜಾನ್ ನಲ್ಲಿಯ ಕೆಳಗೆ ನನ್ನನ್ನು ತೊಳೆಯುತ್ತಾ, “ಉಳಿಸೋಕೇ ಎಳ್ದಿದ್ದು ಬೇಟಾ” ಅಂದ. ಹೇಳಿದ್ದು ಸತ್ತವನಿಗೆ, ಕೇಳಿಸಿಕೊಂಡವನು ನಾನು.

ಗುಜರಿಯ ರಾಶಿಯಿಂದ ನನ್ನನ್ನು ಎತ್ತಿದವರು ಲಿಂಗರಾಜೇ ಅರಸು. ಪೊಲೀಸ್ ಕುದುರೆ ಪಡೆಯಲ್ಲಿ ದಫೇದಾರರಾಗಿದ್ದು, ನಿವೃತ್ತರಾಗಿ, ಊರಾಚೆ ಸವಾರಿ ಶಾಲೆ ನಡೆಸುತ್ತಿದ್ದವರು. ಎತ್ತಿದವರೇ ಪಂಚೆಯ ತುದಿಯಲ್ಲಿ ಒರೆಸಿ, ಅಂಗಡಿಯವನ ಎದುರಿಗೇ ನನ್ನನ್ನು ತಮ್ಮ ಬಾಯಿಗೆ ಹಾಕಿಕೊಂಡರು! ನಾಲಿಗೆಯಿಂದ ತಡವಿ, “ಕಳ್ಳಂಗೆ ಒಂದು ಹಲ್ಲಿದೆ ಕಣಯ್ಯಾ ಒಳಗೆ” ಎಂದು ಉಗಿದು, ಅರ ತರಿಸಿ ಆ ಅಂಚನ್ನು ಉಜ್ಜಿದರು.

ನಾನು ಕೇದಗೆ ಎಂಬ ಎಳೆಯ ಹೆಣ್ಣುಕುದುರೆಯ ಬಾಯಿ ಸೇರಿದೆ. ಅರಸರ ಕೈ ಇದೆಯೋ ಇಲ್ಲವೋ ಎಂಬಂತಿತ್ತು. ಅವರು ಒಂದು ಬೆರಳು ಮಡಿಸಿದರೆ ನಾನು ಕೇದಗೆಯ ನಾಲಿಗೆಗೆ ಪಿಸುಗುಡುತ್ತಿದ್ದೆ. ಅವಳು ಒಪ್ಪಿದ ಕ್ಷಣವೇ ಬೆರಳು ಬಿಚ್ಚಿಕೊಳ್ಳುತ್ತಿತ್ತು. ಮಡಿಸಲು ಯಾರಿಗಾದರೂ ಬರುತ್ತದೆ. ಬಿಚ್ಚುವುದೇ ವಿದ್ಯೆ.

“ಬಿಸಿ ಇಡ್ಲಿ ಎತ್ತೋ ಕೈ ಬೇಕು ಕಣ್ರಯ್ಯಾ, ಬಾವಿ ಹಗ್ಗ ಸೇದೋ ಕೈ ಅಲ್ಲ!” ಎಂದು ಅವರು ಗದರಿದರೆ, ಬೆನ್ನ ಹಿಂದೆ ಅದೇ ಗಂಟಲಿನಲ್ಲಿ, ಅದೇ ಕೆಮ್ಮು ಸೇರಿಸಿ ಗದರುತ್ತಿದ್ದವಳು ಶಶಿರೇಖಾ. ಅವರ ಶಿಷ್ಯೆ, ಆಮೇಲೆ ಪಶುವೈದ್ಯೆಯಾದಳು.

ಹದಿನಾಲ್ಕು ವರ್ಷ ಹೀಗೆ ಕಳೆಯಿತು. ಆಮೇಲೆ ಅರಸರ ಕೈ ನಡುಗತೊಡಗಿತು.

ಹೆಂಡತಿಗಿಂತ ಮೊದಲು, ಡಾಕ್ಟರಿಗಿಂತ ಮೊದಲು ಅದು ಗೊತ್ತಾದದ್ದು ನನಗೆ. ಬೆರಳಿನ ಒಂದು ಮಡಿಕೆಯನ್ನೂ ಮಾತೆಂದು ಕೇಳಲು ಕಲಿತವಳು ಕೇದಗೆ. ಈಗ ಅವಳ ಬಾಯಲ್ಲಿ ನಿಲ್ಲದ ಗದ್ದಲ. ನಿಲ್ಲು, ನಡೆ, ನಿಲ್ಲು, ತಿರುಗು, ನಿಲ್ಲು. ಯಾವುದಕ್ಕೆಂದು ಉತ್ತರಿಸಿಯಾಳು? ತಲೆ ಒದರಿದಳು. ಒದರಿದಷ್ಟೂ ಅರಸರು ಬಿಗಿ ಹಿಡಿದರು. ಬಾಯಿಯ ಮೂಲೆಗಳು ಸೀಳಿದವು.

“ಹಲ್ಲು ನೋವಿರ್ಬೇಕು” ಎಂದು ಅರಸರು ಶಶಿರೇಖಾಳನ್ನು ಕರೆಸಿದರು. ಅವಳು ಬಾಯೊಳಗೆ ಬೆರಳಿಟ್ಟು ತಡವಿ ನೋಡಿದಳು. ಆಮೇಲೆ ಅರಸರು ಜೇಬಿನಲ್ಲಿ ಬಚ್ಚಿಟ್ಟ ಕೈಯ ಕಡೆ ನೋಡಿದಳು.

“ಹಲ್ಲು ಚೆನ್ನಾಗಿದೆ ಸಾರ್. ಗಾಯ ಆಗಿದೆ. ಇನ್ನೊಂದು ಸಲ ಸೀಳಿದ್ರೆ ಕೀವು ಮೂಳೆಗಿಳಿಯುತ್ತೆ, ಆಮೇಲೆ ಹುಲ್ಲೂ ಅಗಿಯಲ್ಲ. ಎರಡು ತಿಂಗಳು ಬಾಯಿಗೆ ಕಬ್ಬಿಣ ಬೇಡ.”

“ನಾಡಿದ್ದು ವಿಜಯದಶಮಿ ಕಣೇ. ವರ್ಷದ ಮೊದಲ ಸವಾರಿ ನಂದೇ. ಈ ಕೈ ನೋಡಿ ಜನ ಕಲಿತಿದ್ದು. ಅದೊಂದು ದಿನ ಬಿಟ್ಟು ನೀನು ಹೇಳ್ದಂಗೆ.”

“ಆ ಕೈಯೇ ಸಾರ್...” ಎಂದು ಶುರು ಮಾಡಿದಳು. ಮುಗಿಸದೆ ಕೇದಗೆಯ ಗಾಯಕ್ಕೆ ಮುಲಾಮು ಹಚ್ಚತೊಡಗಿದಳು.

ಆಯುಧಪೂಜೆಯ ದಿನ ನಮಗೆಲ್ಲ ಕುಂಕುಮ, ಹೂವು. ಮಾರನೆಯ ಬೆಳಗ್ಗೆ ಲಾಯದ ಮರಿಯಪ್ಪನ ಜೊತೆ ಶಶಿರೇಖಾ ಒಳಗೆ ಬಂದಳು. ನನ್ನನ್ನು ಕೇದಗೆಯ ಬಾಯಿಗೆ ಇಡಲೇ ಇಲ್ಲ. ಲಗಾಮನ್ನು ಮೂಗಿನ ಮೇಲಿನ ತೊಗಲು ಪಟ್ಟಿಗೆ ಕಟ್ಟಿದಳು. ನನ್ನನ್ನು ಗದ್ದದ ಕೆಳಗೆ ತೂಗುಬಿಟ್ಟಳು, ಕಿಣಿಕಿಣಿ ಕೇಳಿಸದಿದ್ದರೆ ಅರಸರಿಗೆ ಅನುಮಾನ ಬರುತ್ತದಲ್ಲ! ಎಲ್ಲವೂ ಮುಚ್ಚುವಂತೆ ಚೆಂಡುಹೂವಿನ ದಪ್ಪ ಹಾರ ಸುತ್ತಿದಳು.

“ಬುದ್ಯೋರಿಗೆ ಗೊತ್ತಾದ್ರೆ ನನ್ ಚರ್ಮ ಸುಲೀತಾರೆ ಕಣಕ್ಕ” ಅಂದ ಮರಿಯಪ್ಪ.

“ಸುಲಿದ್ರೆ ನಾನು ಹೊಲೀತೀನಿ, ಡಾಕ್ಟ್ರಲ್ವಾ?”

ಹತ್ತುವ ಮುನ್ನ ಒಂದೊಂದು ಬಕಲನ್ನೂ ಮುಟ್ಟಿ ನೋಡುವುದು ಅರಸರ ಪದ್ಧತಿ. ಅಂದು ಮುಟ್ಟಲಿಲ್ಲ. ಅಷ್ಟು ಜನರೆದುರು ಆ ಬೆರಳುಗಳನ್ನು ಚಾಚಲು ಅವರಿಗೆ ಧೈರ್ಯವಾಗಲಿಲ್ಲ.

ಕೇದಗೆ ನಡೆದಳು. ಅರಸರ ಸೊಂಟ ಹೇಳಿದಂತೆ ತಿರುಗಿದಳು, ಅವರು ಉಸಿರು ಬಿಟ್ಟಲ್ಲಿ ನಿಂತಳು. ಲಗಾಮು ನಡುಗುತ್ತಲೇ ಇತ್ತು. ತೊಗಲಿನ ಮೇಲೆ ತೊಗಲು, ಅಷ್ಟೆ. ನಾನು ಹೂವಿನೊಳಗೆ ನೇತಾಡುತ್ತಾ, ಜೀವನದಲ್ಲಿ ಮೊದಲ ಸಲ, ಯಾರ ಬಾಯಿಯನ್ನೂ ಹೊಗದೆ ಸವಾರಿ ಹೋದೆ. ಶಿಷ್ಯರು ಚಪ್ಪಾಳೆ ತಟ್ಟಿದರು.

“ನೋಡಿದ್ರೇನ್ರಯ್ಯಾ! ಕೈ ಅಂದ್ರೆ ಇದು!” ಅರಸರ ಮುಖ ದೀಪದಂತಾಗಿತ್ತು. “ಯಾವನೋ ಡಾಕ್ಟ್ರು ಕಾಯಿಲೆ ಅಂದ. ಕಾಯಿಲೆಯಂತೆ! ನಾಳೆಯಿಂದ ದಿನಾ ಬೆಳಗ್ಗೆ ಕೇದಗೆ ಮೇಲೆ ನಾನೇ.”

ಶಶಿರೇಖಾಳ ತುಂಟಾಟ ಒಂದು ದಿನದ್ದು; ಅರಸರು ಅದನ್ನು ಉಳಿದ ಆಯುಷ್ಯಕ್ಕೆಲ್ಲ ನಂಬಿಬಿಟ್ಟಿದ್ದರು. ಅವಳು ಮುಂದೆ ಬಂದು ಹಾರ ಕಿತ್ತಳು. ನಾನು ಎಲ್ಲರೆದುರು ಬೆತ್ತಲಾಗಿ ತೂಗಾಡಿದೆ.

“ಇದೇನೇ?”

“ಅವಳ ಬಾಯಲ್ಲಿ ಏನೂ ಇಲ್ಲ ಸಾರ್. ಆಗ್ಲಿಂದ್ಲೂ ಇಲ್ಲ.”

“ಮತ್ತೆ ನಿಂತಿದ್ದು? ತಿರುಗಿದ್ದು?”

“ನಿಮ್ಮ ಸೊಂಟ ಕೇಳಿ. ಉಸಿರು ಕೇಳಿ. ಕೈ ಮಾತ್ರ... ಕೈ ಬೇಡ ಸಾರ್ ಇನ್ನು.”

ಅರಸರು ನನ್ನನ್ನು ನೋಡಿದರು, ಕೇದಗೆಯ ಬಾಯಿಯ ಮೂಲೆ ನೋಡಿದರು, ಲಗಾಮಿನ ಮೇಲೆ ಕುಣಿಯುತ್ತಿದ್ದ ತಮ್ಮ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಥೂ ಕಳ್ಳಿ! ದಫೇದಾರನ್ನ ಮೂಗುದಾರದ ಎತ್ತಿನ ಮೇಲೆ ಕೂರಿಸ್ದಂಗೆ ಕೂರಿಸಿ ಮೆರವಣಿಗೆ ಮಾಡ್ಬಿಟ್ಯಲ್ಲೇ!” ಎಂದು ನಕ್ಕರು. ಇಳಿಯಲು ಇಬ್ಬರು ಹಿಡಿಯಬೇಕಾಯಿತು.

ಕೇದಗೆಯ ಗಾಯ ಮಾಯಿತು. ಅವಳಿಗೆ ಈಗ ಬೇರೆ ಕಡಿವಾಣ, ಬೇರೆ ಕೈಗಳು. ನಾನು ಲಾಯದ ಗೋಡೆಯ ಮೊಳೆಗೆ ನೇತುಬಿದ್ದು ತುಕ್ಕು ತಿನ್ನುತ್ತಿದ್ದೇನೆ. ಎರಡು ಬಾಯಿ ಕೆಡಿಸಿದೆ ನಾನು. ಕೆಡಿಸಿದವರು ಯಾರೂ ಕಟುಕರಲ್ಲ: ಒಬ್ಬ ಮಾತುಗಾರ, ಒಬ್ಬರು ಮೇಷ್ಟ್ರು. ಇಬ್ಬರೂ ತಮ್ಮ ಕುದುರೆಯನ್ನು ಪ್ರೀತಿಸಿದವರೇ. ಆದರೆ ಪ್ರೀತಿ ಲಗಾಮಿನಲ್ಲಿ ಇಳಿದು ಬರುವುದಿಲ್ಲ, ಕೈಯಷ್ಟೇ ಬರುತ್ತದೆ.

ಭಾನುವಾರ ಶಿಷ್ಯರು ಸೇರಿದಾಗ ಶಶಿರೇಖಾ ಆ ದಿನದ ಸವಾರಿಯನ್ನು ಅಭಿನಯಿಸಿ ತೋರಿಸುತ್ತಾಳೆ. ಅರಸರ ಗತ್ತು, ಅರಸರ ಕೆಮ್ಮು, “ಕೈ ಅಂದ್ರೆ ಇದು!” ಎಲ್ಲವೂ. ಹಾಗೆ ಮಾಡಬೇಕೆಂದು ಅರಸರದೇ ಅಪ್ಪಣೆ. ಬೆತ್ತದ ಕುರ್ಚಿಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುವವರೂ ಅವರೇ. ನಗುವಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿ, ಅವುಗಳ ಮೇಲೆ ಕೂತಿರುತ್ತಾರೆ.