ಕಸದ ಗಾಡಿಯ ಹೊತ್ತು

ತೈನಾನ್ ನಗರದ ಒಂದು ಓಣಿಯಲ್ಲಿ ಬೀಯುನ್ ಅಂದರೆ ಪ್ಯಾಂಟು ಗಿಡ್ಡ ಮಾಡಿಕೊಡುವ ಹೆಂಗಸು. ಬೀದಿಯಿಂದ ಎತ್ತಿ ತಂದ ನಾಯಿಗಳನ್ನು ಕಾಯಂ ಮನೆ ಸಿಗುವ ತನಕ ಸಾಕುವುದು ಅವಳ ಎರಡನೆಯ ಕಸುಬು. ಅದರಿಂದ ಅವಳಿಗೆ ಸಿಕ್ಕಿದ್ದು ಬಟ್ಟೆ ತುಂಬ ಕೂದಲು, ಅಷ್ಟೇ. ಹನ್ನೊಂದು ನಾಯಿಗಳನ್ನು ದಡ ಸೇರಿಸಿದ್ದ ಅವಳನ್ನು ಹನ್ನೆರಡನೆಯದು ಸೋಲಿಸಿಬಿಟ್ಟಿತ್ತು.

ಕೆಸುವಿನ ಗೆಡ್ಡೆಯ ಬಣ್ಣ ಅಂತ ಅದಕ್ಕೆ ಯೂತೋ, ಅಂದರೆ ಕೆಸುಗೆಡ್ಡೆ, ಎಂದೇ ಹೆಸರಿಟ್ಟಿದ್ದಳು. ಹೆಸರಿಗೆ ತಕ್ಕಂತೆ ಅದು ಐದು ತಿಂಗಳಿಂದ ಹೊಲಿಗೆ ಯಂತ್ರದ ಕೆಳಗೆ ಹೂತುಕೊಂಡಿತ್ತು. ಯಾರಾದರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಸಾಕು, ನಿಂತಲ್ಲೇ ಉಚ್ಚೆ ಹೊಯ್ಯುತ್ತಿತ್ತು. ನೋಡಲು ಬಂದ ಎರಡು ಸಂಸಾರಗಳು 'ಪಾಪ' ಅಂದು ಹೋದವು. ಪಾಪ ಅನ್ನುವುದಕ್ಕೆ ಯಾರಪ್ಪನ ಮನೆ ಗಂಟು ಹೋಗಬೇಕು!

ದಿನಕ್ಕೊಮ್ಮೆ ಮಾತ್ರ ಅದು ತಾನಾಗಿ ಎದ್ದು ಬಾಗಿಲಿಗೆ ಬರುತ್ತಿತ್ತು. ಸಂಜೆ ಆರೂಮುಕ್ಕಾಲಿಗೆ ಕಸದ ಗಾಡಿಯ ಹಾಡು ದೂರದಲ್ಲಿ ಕೇಳಿಸಿದಾಗ. ಓಣಿಯವರೆಲ್ಲ ಕೈಯಲ್ಲಿ ಚೀಲ ಹಿಡಿದು ಕೆಳಗಿಳಿದು ಲೈಟುಕಂಬದ ಹತ್ತಿರ ನಿಲ್ಲುತ್ತಿದ್ದರು. ಯೂತೋ ಬೀಯುನ್‌ಳ ಚೀಲದ ಪಕ್ಕ ಕೂರುತ್ತಿತ್ತು, ಒಂದಿಷ್ಟೂ ನಡುಗದೆ. ಆ ಹೊತ್ತಿನಲ್ಲಿ ಅದನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಗಾಡಿ ಬರುವ ತಿರುವಿನ ಮೇಲೆ.

ಮೂರನೆಯವನಾಗಿ ಬಂದವನು ವೆನ್‌ಶಾನ್. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಒಂಟಿ ಮನುಷ್ಯ, ಮಾತು ಕಡಿಮೆ. ಮೊದಲ ಸಲ ಬಂದಾಗ ನಾಯಿಗೆ ಬೆನ್ನು ಮಾಡಿ ನೆಲದ ಮೇಲೆ ಒಂದು ಗಂಟೆ ಕೂತು ಎದ್ದ. ಬೀಯುನ್‌ಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ನಾಯಿ ಒಯ್ಯುವವರ ನಲವತ್ತು ಪ್ರಶ್ನೆಗಳ ಅರ್ಜಿ ತುಂಬಿಸಿಕೊಂಡು, ಭಾನುವಾರ ಬಂದು ಕರೆದುಕೊಂಡು ಹೋಗಿ ಅಂದಳು.

ಭಾನುವಾರ ಅವನು ಒಂದು ಕೆಂಪು ಕೊರಳ ಬೆಲ್ಟು ತಂದಿದ್ದ. ಸ್ವಲ್ಪ ಸಡಿಲ. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನುವುದು ಹೇಗೆ? ಬೀಯುನ್ ನಾಯಿಯ ಎದೆಗೆ ಬಿಗಿದಿದ್ದ ಹಳೆಯ ಬೆಲ್ಟು ಬಿಚ್ಚಿ ಹೊಸದನ್ನೇ ಹಾಕಿದಳು. ಬಾಗಿಲು ದಾಟಿದ್ದೇ ತಡ, ಎದುರು ಅಂಗಡಿಯ ಕಬ್ಬಿಣದ ಶಟರು ಧಡಾರನೆ ಬಿತ್ತು. ಕೆಂಪು ಬೆಲ್ಟು ಹಗ್ಗದ ತುದಿಯಲ್ಲಿ ಉಳಿಯಿತು, ಯೂತೋ ಇರಲಿಲ್ಲ.

ಕತ್ತಲಾಗುವ ತನಕ ಇಬ್ಬರೂ ಗಲ್ಲಿ ಗಲ್ಲಿ ಸುತ್ತಿದರು. ಭಾನುವಾರ ಕಸದ ಗಾಡಿಯೂ ಇಲ್ಲ, ಓಣಿ ಬಿಕೋ ಎನ್ನುತ್ತಿತ್ತು.

"ದಾಕ್ಷಿಣ್ಯಕ್ಕೆ ಬಸುರಾದ ಹಾಗಾಯ್ತಲ್ಲೇ ನಿನ್ನ ಕತೆ" ಎಂದಳು ಪಕ್ಕದ ಮನೆಯ ತ್ಸೈ ಅಜ್ಜಿ. "ಸಡಿಲ ಇದೆ ಅನ್ನೋಕೆ ಬಾಯಲ್ಲಿ ಅಕ್ಕಿಹಿಟ್ಟಿನ ಉಂಡೆ ಇತ್ತಾ?"

ಬೀಯುನ್‌ಗೆ ಅನ್ನ ಇಳಿಯಲಿಲ್ಲ. ದೊಡ್ಡ ರಸ್ತೆಗೆ ಹೋಗಿದ್ದರೆ ಅದರ ಕತೆ ಮುಗಿದಂತೆ. ಸಿಕ್ಕರೂ, ಓಡಿಹೋಗುವ ನಾಯಿ ಯಾರಿಗೆ ಬೇಕು? ವೆನ್‌ಶಾನ್ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದೇ ಅವಳು ತಿಳಿದಿದ್ದಳು.

ಸೋಮವಾರ ಸಂಜೆ ಅವನು ಬಂದ. ಮುಖ ಬಾಡಿಹೋಗಿತ್ತು.

"ತಪ್ಪು ನನ್ನದು ಅಕ್ಕ. ಅಳತೆ ತಗೊಳ್ದೆ ಬೆಲ್ಟು ತಂದೆ."

"ಹಾಕಿದವಳು ನಾನಪ್ಪ."

ಅಷ್ಟರಲ್ಲಿ ಹಾಡು ಕೇಳಿಸಿತು. ಬೀಯುನ್ ಹಳೆಯ ಬೆಲ್ಟನ್ನೂ ಹಗ್ಗವನ್ನೂ ಎತ್ತಿಕೊಂಡಳು, ಕಸದ ಚೀಲವನ್ನು ಅವನ ಕೈಗೆ ತುರುಕಿದಳು. "ಬಾ" ಎಂದಳು. ಯಾಕೆ ಎಂದು ಹೇಳಿದರೆ ಆಸೆ ಸುಳ್ಳಾದೀತು ಎಂಬ ಹೆದರಿಕೆ.

ಲೈಟುಕಂಬದ ಹತ್ತಿರ ಹದಿನೈದು ಜನ. ಗಾಡಿ ತಿರುವಿಗೆ ಬಂತು. ಅದರ ಹಿಂದೆ, ಗೋಡೆ ಸವರಿಕೊಂಡು, ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಯೂತೋ ಬರುತ್ತಿತ್ತು.

"ಯಾರೂ ನೋಡ್ಬೇಡಿ!" ತ್ಸೈ ಅಜ್ಜಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನೋಡಿದವರ ಕಣ್ಣು ಕೀಳ್ತೀನಿ. ಗಾಡಿ ನೋಡಿ, ಗಾಡಿ!"

ಹದಿನೈದು ಜನವೂ ಮದುವೆ ಹೆಣ್ಣನ್ನು ನೋಡುವಂತೆ ಕಸದ ಗಾಡಿಯನ್ನು ನೋಡುತ್ತಾ ನಿಂತರು. ಚೀಲ ಎಸೆಯಲು ಒಬ್ಬರೂ ಕೈ ಎತ್ತಲಿಲ್ಲ.

"ಏನ್ರೀ, ಇವತ್ತು ಕಸ ಹಾಕಲ್ವಾ?" ಗಾಡಿಯವನು ಕೂಗಿದ. "ಇಡೀ ಓಣಿಗೇ ತಲೆ ಕೆಟ್ಟಿದೆ" ಎಂದು ಗೊಣಗಿ ಮುಂದಕ್ಕೆ ಬಿಟ್ಟ.

ಯೂತೋ ಬಂತು. ಬೀಯುನ್‌ಳ ಚೀಲ ಹುಡುಕಿತು. ಚೀಲ ವೆನ್‌ಶಾನ್‌ನ ಕೈಯಲ್ಲಿತ್ತು. ಒಂದು ಗಳಿಗೆ ಅವನ ಪ್ಯಾಂಟು ಮೂಸಿತು, ಚೀಲ ಮೂಸಿತು, ಆಮೇಲೆ ಅವನ ಕಾಲಿಗೆ ಒರಗಿ ಕೂತಿತು. ಅವನು ಕದಲಲಿಲ್ಲ. ಖಾಲಿ ತಿರುವನ್ನೇ ನೋಡುತ್ತಿದ್ದ, ಕಣ್ಣಲ್ಲಿ ದಳದಳ ನೀರು. ಬೀಯುನ್ ಮೆಲ್ಲನೆ ಬಗ್ಗಿ ಎದೆಯ ಬೆಲ್ಟು ತೊಡಿಸಿ ಬಿಗಿದಳು, ಎರಡೆರಡು ಸಲ ಎಳೆದು ನೋಡಿದಳು. ಹೋದ ಜೀವ ಬಂದಂತಾಗಿ, ಹಗ್ಗ ಸಿಕ್ಕಿಸಿ ಹಿಡಿದು ಅಲ್ಲೇ ಫುಟ್‌ಪಾತಿನ ಮೇಲೆ ಕೂತಳು.

ನಲವತ್ತು ಪ್ರಶ್ನೆಗಳಲ್ಲಿ ಇಲ್ಲದ ಒಂದು ಪ್ರಶ್ನೆ ಆಗ ಹೊಳೆಯಿತು. "ನಿಮ್ಮ ಕಡೆ ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತೆ?"

ವೆನ್‌ಶಾನ್ ಪೆಚ್ಚಾದ. "ನಮ್ಮ ಕಟ್ಟಡದಲ್ಲಿ ಕೆಳಗಡೆ ಕಸದ ಕೋಣೆ ಇದೆ ಅಕ್ಕ. ಯಾರೂ ಬೀದಿಗೆ ಬಂದು ನಿಲ್ಲಲ್ಲ."

ಬೀಯುನ್ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಅವನು ಕಾಲಿಗೊರಗಿದ ಬಿಸಿ ಮೈಯನ್ನು ನೋಡದೆಯೇ ಮುಂದುವರಿಸಿದ. "ಹಿಂದಿನ ಓಣಿಗೆ ಬರುತ್ತೆ. ಹಾಡು ಕೇಳ್ಸುತ್ತೆ. ದಿನಾ ಅಲ್ಲಿ ಹೋಗಿ ನಿಲ್ತೀವಿ, ಇವನೂ ನಾನೂ. ಖಾಲಿ ಚೀಲ ಹಿಡ್ಕೊಂಡಾದ್ರೂ ಸರಿ."

"ಖಾಲಿ ಯಾಕಪ್ಪಾ?" ತ್ಸೈ ಅಜ್ಜಿ ತನ್ನ ಚೀಲವನ್ನು ಅವನ ಇನ್ನೊಂದು ಕೈಗೆ ನೇತುಹಾಕಿದಳು. "ಎರಡು ದಿನದ ಮೀನಿನ ತಲೆ ಇದೆ. ನಾಳೆ ಇದರಿಂದಲೇ ಶುರು ಮಾಡು."